ಗಾದಿಯ ಮೇಲೆ ಕುರ್ಚಿ ಹಾಕುವಂತಿಲ್ಲ

ಜನವರಿ 7, ಬುಧವಾರ

ನೋವು ಯಾವಾಗ ಬರುತ್ತದೆ, ಏನು ಮಾಡುವಾಗ ಬರುತ್ತದೆ, ಎಲ್ಲ ಬರೆದುಕೊಂಡು ಬನ್ನಿ ಎಂದು ಡೊಂಬಿವಲಿಯ ನಮ್ಮ ಗಲ್ಲಿಯ ಡಾಕ್ಟರು ಹೇಳಿದ್ದಾರೆ. ಬೆನ್ನನ್ನು ಅವರು ಮುಟ್ಟಿ ನೋಡಲಿಲ್ಲ. ಓದಿಯೇ ತಿಳಿದುಕೊಳ್ಳುವವರಿರಬೇಕು. ಹಾಗಾಗಿ ಬರೆಯುತ್ತಿದ್ದೇನೆ.

ಹೆಸರು ಶಿವರಾಜ. ವಯಸ್ಸು ಐವತ್ತೊಂದು. ಉದ್ಯೋಗ, ತುರ್ಭೆಯ ಮಸಾಲೆ ಮಾರ್ಕೆಟ್ಟಿನಲ್ಲಿ ಹುಲಗಪ್ಪ ಸಾವಕಾರರ ಮೆಣಸಿನಕಾಯಿ ಅಂಗಡಿಯ ದಿವಾನಜಿ. ಅಂದರೆ ಲೆಕ್ಕ ಬರೆಯುವವನು. ಕೂರುವ ಭಂಗಿ, ಚಕ್ಕಳಮಕ್ಕಳ. ನಮ್ಮ ಅಂಗಡಿಯಲ್ಲಿ ಕುರ್ಚಿ ಇಲ್ಲ. ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಬಿಳಿ ಹಾಸಿನ ಗಾದಿ, ಗಾದಿಯ ಮೇಲೆ ಲೋಡು, ಲೋಡಿಗೆ ಒರಗಿ ನಮ್ಮ ಸಾವಕಾರರು. ಅವರ ಎಡಕ್ಕೆ ತಗ್ಗಿನ ಡೆಸ್ಕು, ಡೆಸ್ಕಿಗೆ ಬಾಗಿ ನಾನು. ಸಾವಕಾರರ ತಂದೆಯವರ ಕಾಲದಿಂದಲೂ ಹೀಗೆಯೇ. ಗಾದಿ ಎಂದರೆ ಲಕ್ಷ್ಮಿ. ಅದರ ಮೇಲೆ ಚಪ್ಪಲಿ ಇಲ್ಲ, ಕಾಲು ಚಾಚುವಂತಿಲ್ಲ, ಬೆನ್ನು ಒರಗಿಸುವುದು ಮಾಲೀಕರಿಗೆ ಮಾತ್ರ.

ನೋವು ಸೋಮವಾರ ಶುರುವಾಯಿತು. ಈ ಹಂಗಾಮಿನ ಮೊದಲ ಬ್ಯಾಡಗಿ ಮೆಣಸಿನಕಾಯಿ ಲಾರಿ ಬಂದಿತ್ತು. ಚೀಲ ಬಿಚ್ಚಿದರು, ನಾನು ಸೀನಿದೆ. ನಮ್ಮ ಮಾರ್ಕೆಟ್ಟಿನಲ್ಲಿ ಸೀನಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದರೆ ಈ ಸೀನು ಮೂಗಿನಿಂದ ಹೊರಗೆ ಹೋಗುವ ಬದಲು ಟೊಂಕಕ್ಕೆ ಇಳಿಯಿತು. ಯಾರೋ ಹಿಂದಿನಿಂದ ಕೀಲಿ ತಿರುವಿದ ಹಾಗೆ. ಐದು ನಿಮಿಷ ಡೆಸ್ಕಿನ ಮೇಲೆ ಬಾಗಿಯೇ ಇದ್ದೆ. ಬಹಳ ಶ್ರದ್ಧೆಯಿಂದ ಬರೆಯುತ್ತಿದ್ದೇನೆ ಎಂದುಕೊಂಡು ಸಾವಕಾರರು ಚಹಾ ತರಿಸಿದರು.

ಡಾಕ್ಟರು ಮೆಡಿಕ್ಲೇಮ್ ಇದೆಯೇ ಎಂದೂ ಕೇಳಿದರು. ನಗು ಬಂತು, ನಗಲು ಬೆನ್ನು ಬಿಡಲಿಲ್ಲ. ನಮ್ಮ ಸೊಸೈಟಿಯ ಜನ ಆರೋಗ್ಯವಾಗಿರುವ ತಪ್ಪಿಗೆ ವರ್ಷವರ್ಷ ದಂಡ ಕಟ್ಟುತ್ತಾರೆ. ನನಗೆ ಆ ಗೋಜಿಲ್ಲ. ಪ್ರತಿ ದೀಪಾವಳಿಗೆ ನಮ್ಮ ಸಾವಕಾರರು ಪೇಢೆ ಕೊಟ್ಟು ಹೇಳುವುದು ಇದನ್ನೇ: "ನಿಮಗ್ಯಾಕ್ರಿ ದಿವಾನಜಿ ಇನ್ಶೂರನ್ಸು? ನಾ ಅದೀನಲ್ಲ." ಇಪ್ಪತ್ತೆರಡು ವರ್ಷದಿಂದ ಕಂತಿಲ್ಲದೆ ನಡೆಯುತ್ತಿರುವ ಪಾಲಿಸಿ.

ಜನವರಿ 9, ಶುಕ್ರವಾರ

ಬರೆದದ್ದನ್ನು ಡಾಕ್ಟರು ಓದಲಿಲ್ಲ. ಮೊದಲ ಸಾಲಿನಲ್ಲೇ ಕನ್ನಡ ಕಂಡು, "ಹಾ, ಬಢಿಯಾ," ಎಂದು ಹಿಂದಕ್ಕೆ ಕೊಟ್ಟರು. ಮಾತ್ರೆ ಬರೆದರು, ಎಕ್ಸ್‌ರೇ ಬರೆದರು. ಹಾಗಾದರೆ ಇನ್ನು ಈ ಬರಹ ನನ್ನದೇ. ಯಾರೂ ಓದುವುದಿಲ್ಲವೆಂದು ಖಾತ್ರಿಯಾದ ಮೇಲೆ ಬರೆಯಲು ಒಂದು ಹುರುಪು ಬರುತ್ತದೆ.

ಜನವರಿ 14, ಬುಧವಾರ

ಎಕ್ಸ್‌ರೇಯಲ್ಲಿ ಏನೂ ಇಲ್ಲ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಮಾರುವವರ ಹಾಗೆ ಹೊಗಳಿದರು.

ದಿನಾ ಹೋಗುವ ಲೋಕಲ್ ರೈಲಿನಲ್ಲಿ ನಮ್ಮದೊಂದು ಗುಂಪು. ಡೊಂಬಿವಲಿಯಿಂದ ಠಾಣೆಯವರೆಗೆ ಒಟ್ಟಿಗೆ ಹೋಗುತ್ತೇವೆ. ಅಲ್ಲಿ ನಾನು ವಾಶಿ ಗಾಡಿಗೆ ಬದಲಾಯಿಸುತ್ತೇನೆ. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರು ಹರಿಶ್ಚಂದ್ರ, ಠಾಣೆಯ ಮಾಜಿವಾಡಾದ ಒಂದು ಹೋಟೆಲಿನ ಕ್ಯಾಶಿಯರ್, ಉಡುಪಿ ಕಡೆಯವರು.

"ಎಂತ ಮಾರಾಯ್ರೇ, ಇದು ಬೆನ್ನು ಅಲ್ಲವೇ ಅಲ್ಲ. ಗ್ಯಾಸು," ಎಂದರು.

"ಗ್ಯಾಸು ಟೊಂಕದಾಗ ಹೆಂಗ ಬರತೈತ್ರಿ?"

"ಅದು ಎಲ್ಲಿ ಬೇಕಾದ್ರೂ ಹೋಗ್ತದೆ. ನಮ್ಮ ಹೋಟೆಲಿನ ಭಟ್ರಿಗೆ ಕಿವಿಗೆ ಹೋಗಿತ್ತು."

ಇನ್ನೊಬ್ಬರು ಹಾಸಿಗೆ ಬದಲಿಸಿ ಎಂದರು. ಮತ್ತೊಬ್ಬರು ಹಾಸಿಗೆಯನ್ನೇ ಬಿಡಿ ಎಂದರು. ಒಬ್ಬರು ಅಂಬರನಾಥದಲ್ಲಿ ಬೆನ್ನಿನ ಮೇಲೆ ಕಾಲಿಟ್ಟು ನಡೆಯುವವನೊಬ್ಬನಿದ್ದಾನೆ, ಮಂಗಳವಾರ ಮಾತ್ರ ನಡೆಯುತ್ತಾನೆ ಎಂದರು. ಹೀಗೆ ಠಾಣೆ ಬರುವಷ್ಟರಲ್ಲಿ ನನಗೆ ಆರು ಕಾಯಿಲೆಗಳಾದವು. ಕೂತಿದ್ದ ನಾಲ್ವರಲ್ಲಿ ಒಬ್ಬರೂ ಎದ್ದು ಜಾಗ ಕೊಡಲಿಲ್ಲ. ಕೂತವರಿಗೆ ಸಲಹೆ ಚೆನ್ನಾಗಿ ಹೊಳೆಯುತ್ತದೆ.

ಜನವರಿ 20, ಮಂಗಳವಾರ

ದಿನಕ್ಕೆ ಎಷ್ಟು ಲಾರಿ ಬರುತ್ತಿವೆಯೋ ಅಷ್ಟು ಸೀನು. ಬರುತ್ತಿದೆ ಎಂದು ಗೊತ್ತಾದ ಕೂಡಲೆ ಎರಡೂ ಕೈಯಿಂದ ಡೆಸ್ಕು ಹಿಡಿದು, ಕಣ್ಣು ಮುಚ್ಚಿ ಕಾಯುತ್ತೇನೆ. ಪಕ್ಕದ ಅಂಗಡಿಯವರು ನಾನು ಜಪ ಶುರುಮಾಡಿದ್ದೇನೆ ಎಂದುಕೊಂಡಿದ್ದಾರೆ.

ನಮ್ಮ ಅಂಗಡಿಯ ಮಾಲು ಇಳಿಸುವ ಬಾಳಪ್ಪ ವಿಜಯಪುರ ಕಡೆಯ ಮನುಷ್ಯ, ನೋಂದಾಯಿತ ಮಾಥಾಡಿ, ಅಂದರೆ ಸರ್ಕಾರಿ ಬೋರ್ಡಿನಲ್ಲಿ ಹೆಸರಿರುವ ಹಮಾಲ. ಇವತ್ತು ಚೀಲ ಇಳಿಸಿ, ತಲೆಯ ಮೇಲಿನ ಸಿಂಬೆ ತೆಗೆದು ಬೆವರು ಒರೆಸಿಕೊಳ್ಳುತ್ತ ಕೇಳಿದ.

"ದಿವಾನಜಿ, ನಮ್ಮ ಬೋರ್ಡಿನ ದವಾಖಾನಿಗೆ ಬರ್ರಲಾ. ನಮಗ ಎಲ್ಲಾ ಅಲ್ಲೇ ನೋಡತಾರ." ಆಮೇಲೆ ನಾಲಿಗೆ ಕಚ್ಚಿಕೊಂಡ. "ಅಲಲಾ, ನಿಮಗ ಬರಂಗಿಲ್ಲ. ನೀವು ಹಮಾಲರಲ್ಲಲ್ಲ."

ಸಾವಕಾರರು ನಕ್ಕರು. ನಾನೂ ನಕ್ಕೆ. ಚೀಲ ಹೊರುವವನಿಗೆ ಬೋರ್ಡು, ದವಾಖಾನೆ. ಚೀಲ ಬರೆಯುವವನಿಗೆ ಮರ್ಯಾದೆ. ಇಷ್ಟು ವರ್ಷ ಈ ವ್ಯವಸ್ಥೆಯಲ್ಲಿ ನನಗೆ ಯಾವ ದೋಷವೂ ಕಂಡಿರಲಿಲ್ಲ.

ಮನೆಯಲ್ಲಿ ನೀರಿನ ಕೊಡಗಳನ್ನು ಈಗ ಹೆಂಡತಿ ಪದ್ಮಾವತಿಯೇ ಎತ್ತಿಡುತ್ತಾಳೆ. ಅವಳಿಗೆ ಅಭ್ಯಾಸವಿದೆ.

ಜನವರಿ 28, ಬುಧವಾರ

ಇವತ್ತು ಅಂಗವಿಕಲರ ಡಬ್ಬಿ ಹತ್ತಿದೆ. ಸಾಮಾನ್ಯ ಡಬ್ಬಿಯಲ್ಲಿ ನಿಂತು, ಹಿಂದಿನಿಂದ ಡೊಂಬಿವಲಿಯ ಸಮಸ್ತ ಜನತೆಯ ಒತ್ತಡವನ್ನು ಟೊಂಕದ ಮೇಲೆ ತೆಗೆದುಕೊಳ್ಳುವುದು ಸಾಧ್ಯವಾಗದೆ ಹೀಗೆ ಮಾಡಿದೆ. ಒಳಗೆ ಖಾಲಿ ಸೀಟು ಇತ್ತು. ಕೂತೆ. ಕೋಪರ್ ಸ್ಟೇಷನ್ ದಾಟುವಷ್ಟರಲ್ಲಿ ವಿಚಾರಣೆ ಶುರುವಾಯಿತು.

ಎದುರಿಗೆ ಊರುಗೋಲಿನವರೊಬ್ಬರು. ಡಬ್ಬಿಯ ನ್ಯಾಯಾಧೀಶರು ಅವರೇ ಎಂದು ನೋಡಿದರೆ ತಿಳಿಯುತ್ತಿತ್ತು. "ಕ್ಯಾ ತಕಲೀಫ್ ಹೈ ಆಪಕೋ?"

ಬೆನ್ನು ಎಂದೆ.

"ಬೆನ್ನಿಗೆ ಏನು?"

"ಗೊತ್ತಿಲ್ಲ."

ಸರ್ಟಿಫಿಕೇಟ್ ಕೇಳಿದರು. ಇಲ್ಲ ಎಂದೆ. ಏನಾದರೂ ಕಾಗದ ಇರಬೇಕಲ್ಲ ಎಂದರು. ಚೀಲದಲ್ಲಿ ಎಕ್ಸ್‌ರೇ ಇತ್ತು. ದೊಡ್ಡ ಸಾಕ್ಷಿ ಎಂಬ ಹುಮ್ಮಸ್ಸಿನಲ್ಲಿ ತೆಗೆದುಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಕ್ಕದ ಹೆಂಗಸು ತನ್ನ ಕಾಲಿನ ಕಬ್ಬಿಣದ ಪಟ್ಟಿಯನ್ನು ಸರಿಸಿಕೊಂಡು ಬಗ್ಗಿ ನೋಡಿದರು. ಮೂಲೆಯಲ್ಲಿದ್ದ ಕುರುಡರೊಬ್ಬರು, "ಹೇಗಿದೆ?" ಎಂದು ಕೇಳಿದರು.

"ಬಹಳ ಚೆನ್ನಾಗಿದೆ," ಎಂದರು ಊರುಗೋಲಿನವರು. "ಇಷ್ಟು ಚಂದದ ಬೆನ್ನು ಈ ಡಬ್ಬಿಯಲ್ಲಿ ಯಾರಿಗೂ ಇಲ್ಲ."

ಫಿಲ್ಮನ್ನು ಮಡಿಕೆ ಬೀಳದ ಹಾಗೆ ಲಕೋಟೆಯೊಳಗೆ ಸೇರಿಸಿ ಕೈಗಿತ್ತರು. ಮುಂದಿನ ಸ್ಟೇಷನ್ ದಿವಾದಲ್ಲಿ ಇಳಿಯಲು ಸಹಾಯವನ್ನೂ ಮಾಡಿದರು; ಊರುಗೋಲಿನ ತುದಿ ಬಾಗಿಲಿಗೆ ಅಡ್ಡ ಹಿಡಿದು, ಮೇಲೆ ಹತ್ತುವವರನ್ನು ತಡೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳು ಹೇಳಿ ಅಲ್ಲಿ ಕೂರುವವರು ದಿನಕ್ಕೆ ಹತ್ತು ಜನ. ನಿಜ ಹೇಳಿ ಕೂರಬೇಕಾದರೆ ನೋವಿಗೆ ಒಂದು ಹೆಸರಾದರೂ ಬೇಕು.

ದಿವಾದಲ್ಲಿ ಮತ್ತೆ ಹತ್ತಲು ಮೂರು ಗಾಡಿ ಬಿಟ್ಟೆ. ಅಂಗಡಿಗೆ ತಡವಾಯಿತು. ನಮ್ಮ ಸಾವಕಾರರು ಗೋಡೆ ಗಡಿಯಾರವನ್ನು ಸ್ವಲ್ಪ ಹೊತ್ತು ನೋಡಿದರು.

ಫೆಬ್ರವರಿ 4, ಬುಧವಾರ

ಡಾಕ್ಟರು ಎಂಆರ್‌ಐ ಬರೆದಿದ್ದಾರೆ. ಅದರ ದರ ಕೇಳಿದ ಮೇಲೆ ನನ್ನ ಪಾಲಿಸಿಯನ್ನು ಮೊದಲ ಸಲ ಬಳಸುವ ತೀರ್ಮಾನ ಮಾಡಿದೆ. ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಸಾವಕಾರರಿಗೆ ವಿಷಯ ಹೇಳಿದೆ.

ಅವರು ಪೂರ್ತಿ ಕೇಳಿದರು. "ಚಿಂತಿ ಬ್ಯಾಡ್ರಿ ದಿವಾನಜಿ. ನಾ ಅದೀನಲ್ಲ. ನಾಳೆ ತರತೀನಿ."

ರಾತ್ರಿ ಪದ್ಮಾವತಿಗೆ ಹೇಳಿದೆ, ನೋಡು, ಮನುಷ್ಯ ಎಂದರೆ ಹೀಗಿರಬೇಕು. ಅವಳು ಮಷೀನಿನಲ್ಲಿ ಯಾರದೋ ಸೀರೆಗೆ ಫಾಲ್ ಹೊಲಿಯುತ್ತಿದ್ದಳು. "ತಂದ ಮ್ಯಾಲೆ ಹೇಳ್ರಿ," ಎಂದಳು.

ಇವತ್ತು ತಂದರು. ಒಂದು ಬಾಟಲಿ ಎಣ್ಣೆ. ಗದಗಿನ ವೈದ್ಯರೊಬ್ಬರದಂತೆ. ಅರ್ಧ ಖಾಲಿಯಾಗಿತ್ತು.

"ನಮ್ಮವ್ವಗ ಕಡೀ ತನಕಾ ಇದನ್ನ ಹಚ್ಚಿದ್ವಿ," ಎಂದರು.

ಅವರ ತಾಯಿ ಹೋದ ವರ್ಷ ತೀರಿಕೊಂಡರು. ಎಣ್ಣೆ ಹಚ್ಚಿಕೊಂಡು ರೈಲು ಹತ್ತಿದರೆ ಸುತ್ತ ಒಂದಿಷ್ಟು ಜಾಗ ಬಿಡುತ್ತಾರೆ. ಅಷ್ಟು ಗುಣ ಅದರಲ್ಲಿದೆ.

ಫೆಬ್ರವರಿ 8, ಭಾನುವಾರ

ಹರಿಶ್ಚಂದ್ರರ ಅಳಿಯ ವಿಕಾಸ್ ವಿಮಾ ಏಜೆಂಟ್. ಮನೆಗೇ ಬಂದ. ಚಹಾ ಕುಡಿದ. ಬಿಸ್ಕತ್ತು ಮುಗಿಯುವವರೆಗೆ ನನ್ನ ಹೃದಯ, ಮೂತ್ರಪಿಂಡ, ಪಿತ್ತಕೋಶ ಎಲ್ಲದಕ್ಕೂ ಒಳ್ಳೆಯ ಭವಿಷ್ಯವಿದೆ ಎಂದು ವಿವರಿಸಿದ.

"ಬೆನ್ನಿಗೆ?" ಎಂದು ಪದ್ಮಾವತಿ ಕೇಳಿದಳು.

"ಬೆನ್ನು ಒಂದು ಬಿಟ್ಟು ಎಲ್ಲದಕ್ಕೂ ಸಿಗ್ತದೆ ಆಂಟಿ. ಮೊದಲೇ ಇರುವ ನೋವಿಗೆ ಕೆಲವು ವರ್ಷ ಕಾಯ್ಬೇಕಾಗ್ತದೆ."

"ಆದರೆ ಎಕ್ಸ್‌ರೇಯೊಳಗ ಏನೂ ಇಲ್ಲಂತ ಬಂದೈತಲ್ಲಪ್ಪ," ಎಂದೆ.

"ಏನೂ ಇಲ್ಲದಿದ್ರೆ ಕ್ಲೇಮೂ ಇಲ್ಲ ಅಂಕಲ್."

ಹುಡುಗನಲ್ಲಿ ಕಪಟವಿಲ್ಲ. ನೋವು ಇದೆ ಎಂದರೆ ಹಳೆಯ ಕಾಯಿಲೆ, ಇಲ್ಲ ಎಂದರೆ ಆರೋಗ್ಯ. ನಡುವೆ ನಾನೊಬ್ಬ ಕೂತಿದ್ದೆ, ದಿಂಬು ಒತ್ತಿಕೊಂಡು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಇನ್ನೊಂದು ಹೇಳಿದ: ಅಂಗಡಿಯವರೇ ಕೆಲಸಗಾರರಿಗೆಲ್ಲ ಸೇರಿಸಿ ಗುಂಪು ಪಾಲಿಸಿ ಮಾಡಿಸಿದರೆ ಅದರಲ್ಲಿ ಹಳೆಯ ನೋವಿಗೂ ಜಾಗ ಇರುತ್ತದಂತೆ. ಏಳು ಜನ ಇದ್ದರೆ ಸಾಕಂತೆ.

ನಮ್ಮಲ್ಲಿ ಎಂಟು ಜನ. ಆದರೆ ನಮ್ಮ ಸಾವಕಾರರಿಗೆ ಅಂಥದ್ದನ್ನೆಲ್ಲ ಹೇಳುವುದು ಸರಿಯಲ್ಲ. ಎಣ್ಣೆ ಕೊಟ್ಟಿದ್ದಾರೆ, ಬೇಸರಪಟ್ಟಾರು.

ಫೆಬ್ರವರಿ 12, ಗುರುವಾರ

ಇವತ್ತು ಕುರ್ಚಿ ಕೇಳಿದೆ.

ಹೇಗೆ ಕೇಳಬೇಕೆಂದು ಎರಡು ದಿನ ರೈಲಿನಲ್ಲಿ ಅಭ್ಯಾಸ ಮಾಡಿದ್ದೆ. ಡೆಸ್ಕಿಗೆ ಬಾಗಿದರೆ ಏಳಲಾಗುತ್ತಿಲ್ಲ, ಎದ್ದರೆ ಕೂರಲಾಗುತ್ತಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಸಣ್ಣ ಮೇಜು ಇದ್ದರೆ ಹಂಗಾಮು ಪೂರ್ತಿ ಸುಸೂತ್ರವಾಗಿ ಬರೆದುಕೊಡುತ್ತೇನೆ, ಕುರ್ಚಿ ನಾನೇ ತರುತ್ತೇನೆ ಎಂದೆ.

ಸಾವಕಾರರು ಲೋಡಿನಿಂದ ಬೆನ್ನೆತ್ತಿ ನೇರ ಕೂತರು. ಅವರು ಹಾಗೆ ಕೂರುವುದು ದರ ಕುಸಿದಾಗ ಮಾತ್ರ.

"ಗಾದಿ ಮ್ಯಾಲೆ ಕುರ್ಚಿ ಹಾಕಾಕ ಬರಂಗಿಲ್ಲ ದಿವಾನಜಿ."

"ಗಾದಿ ಮ್ಯಾಲೆ ಬ್ಯಾಡ್ರಿ. ಕೆಳಗ, ಕಟ್ಟೀ ಬಾಜೂಕ."

"ನಾ ಕೆಳಗ ಕುಂಡ್ರೂದು, ನೀವು ಕಾಲು ಇಳಿಬಿಟ್ಟು ಕುರ್ಚಿ ಮ್ಯಾಲೆ ಕುಂಡ್ರೂದು. ಬಂದ ಗಿರಾಕಿ ಯಾರಿಗೆ ನಮಸ್ಕಾರ ಮಾಡಬೇಕ್ರಿ? ನಮ್ಮಪ್ಪ ಇದೇ ಗಾದಿ ಮ್ಯಾಲೆ ಪ್ರಾಣ ಬಿಟ್ಟಾರ."

ಅವರ ಮಗ ರವಿಕಿರಣ್ ಫೋನು ನೋಡುತ್ತ ಕೂತಿದ್ದ. ತಲೆ ಎತ್ತದೆ ಅಂದ, "ಅಪ್ಪಾಜಿ, ನಾ ಆವಾಗಿಂದ ಹೇಳಾಕತ್ತೀನಿ. ಕಂಪ್ಯೂಟರ್ ಹಾಕ್ರಿ. ಒಬ್ಬ ಹುಡುಗನ್ನ ಇಡೋಣು."

ಸಾವಕಾರರು ಬಹಳ ಮೃದುವಾಗಿ ಹೇಳಿದರು. "ಹೋಳಿ ತನಕಾ ನೋಡೋಣು. ಗಾದಿ ಮ್ಯಾಲೆ ಕುಂಡ್ರಾಕ ಆತು ಅಂದ್ರ ಛಲೋ. ಇಲ್ಲಂದ್ರ ಮನ್ಯಾಗ ಆರಾಮ ತಗೋರಿ. ನೀವು ಮನೀ ಮಂದಿ ಇದ್ದಂಗ, ನಿಮಗ ಹಿಂಸಾ ಮಾಡಿ ದುಡಿಸಿದ್ರ ನಮಗ ಪಾಪ."

ಕೆಲಸದಿಂದ ತೆಗೆಯುವ ಮಾತನ್ನು ಪುಣ್ಯಕಾರ್ಯದ ಹಾಗೆ ಆಡಲು ಮೂರು ತಲೆಮಾರಿನ ವ್ಯಾಪಾರ ಬೇಕು.

ಫೆಬ್ರವರಿ 15, ಭಾನುವಾರ

ಮಗಳು ಸ್ನೇಹಲ್ ಕಾಲೇಜಿನಲ್ಲಿದ್ದಾಳೆ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ. "ಬಾಬಾ, ಸೋಡೂನ್ ದ್ಯಾ ನಾ ತೀ ನೋಕರಿ," ಎಂದಳು, ಮೊಸರು ಬಡಿಸಿಕೊಳ್ಳುತ್ತ. ನೌಕರಿ ಬಿಟ್ಟುಬಿಡುವುದು ಆ ಭಾಷೆಯಲ್ಲಿ ಸುಲಭವೆನಿಸಿತು.

ಐವತ್ತೊಂದು ವಯಸ್ಸಿನ, ಬೆನ್ನು ಕೆಟ್ಟ, ಕೈಬರಹದ ಲೆಕ್ಕಿಗ. ಸಂಡೆ ಪೇಪರಿನ ಜಾಹೀರಾತು ಪುಟ ಪೂರ್ತಿ ಓದಿದೆ. ಯಾರೂ ನನ್ನನ್ನು ಹುಡುಕುತ್ತಿಲ್ಲ.

ಎಂಆರ್‌ಐ ಮಾಡಿಸಲೇಬೇಕು ಎಂದು ಪದ್ಮಾವತಿ ಹಟ ಹಿಡಿದಳು. ಕಲ್ಯಾಣದಲ್ಲಿ ಒಂದು ಟ್ರಸ್ಟಿನವರು ಅರ್ಧ ದರದಲ್ಲಿ ಮಾಡುತ್ತಾರಂತೆ. ಫಾಲ್ ಹೊಲಿಸುವ ಹೆಂಗಸರು ಅವಳಿಗೆ ಹೇಳಿದ್ದಾರೆ. ದುಡ್ಡು ಎಲ್ಲಿಂದ ಎಂದೆ. "ನಾ ಕೊಡತೀನಿ. ನಿಮ್ಮ ಸಾವಕಾರ್ರಿಗೆ ಹೇಳಬ್ಯಾಡ್ರಿ, ಮತ್ತೊಂದು ಬಾಟಲಿ ತಂದಾರು," ಎಂದಳು.

ಫೆಬ್ರವರಿ 19, ಗುರುವಾರ

ನಿನ್ನೆ ಕಲ್ಯಾಣದಲ್ಲಿ ಕೊಳವೆಯೊಳಗೆ ಮಲಗಿಸಿದರು. ಅಲ್ಲಾಡಬೇಡಿ, ಸೀನಬೇಡಿ ಎಂದರು. ಒಳಗೆ ಯಾರೋ ಕಬ್ಬಿಣದ ಡ್ರಮ್ಮುಗಳನ್ನು ಮೆಟ್ಟಿಲ ಮೇಲಿಂದ ಉರುಳಿಸುತ್ತಿದ್ದ ಹಾಗೆ ಸದ್ದು. ಆ ಸದ್ದಿನ ನಡುವೆ ನಾನು ಪ್ರಾರ್ಥಿಸಿದ್ದು ಇಷ್ಟೇ: ಏನಾದರೂ ಸಿಗಲಿ. ದೊಡ್ಡದೇನೂ ಬೇಡ. ಕಾಗದದ ಮೇಲೆ ಬರೆಯಬಹುದಾದಂಥ, ನಾಲ್ಕು ಜನರಿಗೆ ತೋರಿಸಬಹುದಾದಂಥ ಒಂದು ಸಾಧಾರಣ ಕಾಯಿಲೆ.

ಇವತ್ತು ರಿಪೋರ್ಟು ಬಂತು. ವಯಸ್ಸಿಗೆ ತಕ್ಕ ಸವೆತ, ಬೇರೇನಿಲ್ಲ.

"ಸಂತೋಷಪಡಿ," ಎಂದು ಡಾಕ್ಟರು ಹಿಂದಿಯಲ್ಲಿ ಅಂದರು. "ನಿಮಗೇನೂ ಆಗಿಲ್ಲ."

ಏನೂ ಆಗದೆ ಇದ್ದದ್ದು ಇವತ್ತು ಬೆಳಿಗ್ಗೆ ನನ್ನನ್ನು ಹಾಸಿಗೆಯಿಂದ ಏಳಗೊಡಲಿಲ್ಲ. ಮಗ್ಗುಲಿಗೆ ಉರುಳಿ, ನೆಲಕ್ಕೆ ಕೈಯೂರಿ, ಕುರಿಯ ಹಾಗೆ ನಿಂತು ಆಮೇಲೆ ಮನುಷ್ಯನಾದೆ.

ಫೆಬ್ರವರಿ 26, ಗುರುವಾರ

ಗಾದಿಯ ಮೇಲೆ ಕೂರುತ್ತಿದ್ದೇನೆ. ಮಾತ್ರೆ ನುಂಗಿ ಕೂರುತ್ತೇನೆ, ಮಧ್ಯಾಹ್ನ ಇನ್ನೊಂದು. ಸಾವಕಾರರು ನೋಡುತ್ತಿರುವಾಗ ನಗುತ್ತೇನೆ. ಮಾತ್ರೆಗೆ ಹೊಟ್ಟೆ ಉರಿಯುತ್ತದೆ.

ಬೆಳಿಗ್ಗೆ ಪದ್ಮಾವತಿ ನನ್ನ ಕಾಲಿಗೆ ಸಾಕ್ಸು ಹಾಕುತ್ತಾಳೆ. ಅವಳ ಬಲ ಮಣಿಕಟ್ಟು ಊದಿದೆ. ಕೇಳಿದೆ. "ಹೊಲಿಗಿದು," ಎಂದಳು. ಯಾವಾಗಿನಿಂದ ಎಂದೆ. "ದೀಪಾವಳಿಯಿಂದ."

ನನ್ನ ನೋವು ಜನವರಿಯದು.

ಮಾರ್ಚ್ 5, ಗುರುವಾರ

ಹೋಳಿಯ ರಜೆ ಮುಗಿಸಿ ಅಂಗಡಿಗೆ ಹೋದರೆ ಗಾದಿ ಚಿಕ್ಕದಾಗಿತ್ತು.

ರಜೆಯಲ್ಲಿ ಗೌಂಡಿಯನ್ನು ಕರೆಸಿ ಕಟ್ಟೆಯ ಎಡ ತುದಿ ಒಡೆಸಿದ್ದಾರೆ. ನಾನು ಕೂರುತ್ತಿದ್ದ ತುದಿ. ಅಲ್ಲಿ ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಅದಕ್ಕೆ ಹೂವಿನ ಹಾರ, ಕುಂಕುಮ. ಮೇಜಿನ ಮುಂದೆ ಕುರ್ಚಿ. ಸುಮ್ಮನೆ ಕುರ್ಚಿಯಲ್ಲ, ಕಪ್ಪು ಬಣ್ಣ, ಐದು ಗಾಲಿ, ತಿರುಗುತ್ತದೆ, ಟೊಂಕದ ಬಳಿ ಒಳಕ್ಕೆ ಬಾಗಿದ ಆಸರೆ. ಕುರ್ಚಿಯಲ್ಲಿ ಕುಶಲ ಎಂಬ ಇಪ್ಪತ್ತನಾಲ್ಕರ ಹುಡುಗ, ಕಾಲು ಇಳಿಬಿಟ್ಟು, ಬೂಟು ಹಾಕಿಕೊಂಡು.

ನಾನು ಕುರ್ಚಿಯನ್ನೇ ನೋಡುತ್ತ ನಿಂತದ್ದನ್ನು ಸಾವಕಾರರು ಗಮನಿಸಿದರು.

"ಅದು ಮಷೀನ್ ಐತಲ್ರಿ ದಿವಾನಜಿ," ಎಂದರು. "ಅದಕ್ಕ ನೆಲದ ಮ್ಯಾಲೆ ಕುಂಡ್ರಾಕ ಆಗಂಗಿಲ್ಲ. ಧೂಳು ಹೊಕ್ಕರ ಕೆಡತೈತಂತ."

ನೆಲದ ಮೇಲೆ ಕೂರಲಾಗದು ಎಂದು ನಾನೂ ಹೇಳಿದ್ದೆ. ನಾನು ಮಷೀನ್ ಅಲ್ಲವಾದ್ದರಿಂದ ಅವರಿಗೆ ತಿಳಿದಿರಲಿಲ್ಲ.

ಕೈಗೆ ಒಂದು ಲಕೋಟೆ ಕೊಟ್ಟರು, ಒಂದು ಡಬ್ಬಿ ಪೇಢೆ ಕೊಟ್ಟರು. ಆರಾಮ ತಗೋರಿ ಎಂದರು. ಬಾಳಪ್ಪ ಚೀಲ ಹೊತ್ತುಕೊಂಡೇ ನಿಂತು ನೋಡುತ್ತಿದ್ದ, ಇಳಿಸುವುದನ್ನು ಮರೆತು. ಅವನ ಕುತ್ತಿಗೆ ಭುಜಗಳ ನಡುವೆ ಎಷ್ಟು ಒಳಕ್ಕೆ ಇಳಿದುಹೋಗಿದೆ ಎಂದು ಈ ಮೊದಲು ನೋಡಿರಲಿಲ್ಲ.

ಮಧ್ಯಾಹ್ನದ ಗಾಡಿ ಖಾಲಿ ಇತ್ತು. ತುರ್ಭೆಯಿಂದ ಠಾಣೆಯವರೆಗೂ ಕೂತು ಬಂದೆ.

ಮಾರ್ಚ್ 8, ಭಾನುವಾರ

ನಾಲ್ಕು ದಿನದಿಂದ ಗಾದಿ ಇಲ್ಲ. ಊಟಕ್ಕೂ ಪೇಪರಿಗೂ ಪದ್ಮಾವತಿಯ ಹೊಲಿಗೆ ಸ್ಟೂಲಿನ ಮೇಲೆ ಕೂರುತ್ತೇನೆ. ಟೊಂಕ ಸ್ವಲ್ಪ ಸಡಿಲವಾಗಿದೆ. ಇದನ್ನು ಯಾರಿಗೂ ಹೇಳಿಲ್ಲ, ಇಷ್ಟು ದಿನ ನಾಟಕ ಅಂದಾರು.

ಅವಳು ಹೊಲಿಯುವುದಿದ್ದಾಗ ಸ್ಟೂಲು ಬಿಟ್ಟುಕೊಡುತ್ತೇನೆ. ನೀರಿನ ಸಣ್ಣ ಕೊಡಗಳನ್ನು ನಾನೇ ಎಳೆದಿಟ್ಟೆ, ಎತ್ತದೆ, ಕಾಲಿನಿಂದ ನೂಕಿ. ಅರ್ಧ ನೀರು ಚೆಲ್ಲಿತು. "ಅದರ ಬದಲಿ ಸುಮ್ಮನ ಕುಂಡ್ರರಿ," ಎಂದಳು. ಆದರೆ ಬೈಗುಳದಲ್ಲಿ ಎಂದಿನ ಜೋರಿರಲಿಲ್ಲ.

ಮಾರ್ಚ್ 10, ಮಂಗಳವಾರ

ಬೆಳಿಗ್ಗೆ ರವಿಕಿರಣನ ಫೋನು. "ದಿವಾನಜಿ ಅಂಕಲ್, ಸಣ್ಣ ಪ್ರಾಬ್ಲಮ್. ಬ್ಯಾಡಗಿ ಲಿಂಗನಗೌಡ್ರಿಗೆ ಹೋಗಬೇಕಾದ ಪೇಮೆಂಟು ಇನ್ನೊಬ್ಬ ಲಿಂಗನಗೌಡ್ರಿಗೆ ಹೋಗೇತಿ."

"ಯಾವ ಲಿಂಗನಗೌಡ್ರಿಗೆ ಹೋಗೇತಿ?"

"ಅದ ಗೊತ್ತಿಲ್ಲ. ಎಷ್ಟು ಮಂದಿ ಅದಾರ?"

ನಾಲ್ವರು ಇದ್ದಾರೆ, ಎಲ್ಲರೂ ನಮಗೆ ಮಾಲು ಕಳಿಸುವವರು. ಇಬ್ಬರು ಅಣ್ಣತಮ್ಮಂದಿರ ಮಕ್ಕಳು, ಒಬ್ಬರಿಗೊಬ್ಬರು ಮಾತಿಲ್ಲ. ಅಜ್ಜನ ಹೆಸರನ್ನು ಇಬ್ಬರಿಗೂ ಇಟ್ಟಿದ್ದಾರೆ. ಕಂಪ್ಯೂಟರು ನಾಲ್ವರನ್ನೂ ಒಬ್ಬನೆಂದು ತಿಳಿದು ಲೆಕ್ಕ ಒಟ್ಟುಗೂಡಿಸಿದೆ. ಒಂದೇ ಕ್ಲಿಕ್ಕಿನಲ್ಲಿ ಒಂದು ಮನೆತನವನ್ನು ಒಂದುಮಾಡಿದ ಕೀರ್ತಿ ಅದಕ್ಕೆ ಸಲ್ಲಬೇಕು.

ಬಂದು ಸರಿಮಾಡಿಕೊಡಿ ಎಂದ. ನಾನು ಬೆನ್ನುನೋವಿನ ವಿಷಯ ಹೇಳಿದೆ. ಸಂಜೆ ಸಾವಕಾರರೇ ಫೋನು ಮಾಡಿದರು. "ಒಂದ ತಿಂಗಳಾ ಬಂದು ಹುಡುಗಗ ತೋರಿಸಿಕೊಡ್ರಿ ದಿವಾನಜಿ. ಮನೀ ಮಂದಿ ನೀವು."

"ಬರತೀನ್ರಿ," ಎಂದೆ. "ಎಲ್ಲಿ ಕುಂಡ್ರಲಿ?"

"ಗಾದಿ ಐತಲ್ಲ," ಎಂದರು.

"ಹುಡುಗ ಮ್ಯಾಲೆ ಕುಂತು, ನಾ ಕೆಳಗ ಕುಂತು ಕಲಿಸಿದ್ರ ಅವಗ ಮಷೀನ್ ಕಾಣತೈತಿ, ನನಗ ಅವನ ಬೂಟು ಕಾಣತಾವ. ಇನ್ನೊಂದು ಕುರ್ಚಿ ಬೇಕ್ರಿ. ಹುಡುಗಂದು ಹೆಂಗೈತಿ, ಹಂಗ ತಿರಗೂದು."

ಪದ್ಮಾವತಿ ಹೊಲಿಗೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಸಾವಕಾರರು ಮಗನ ಜೊತೆ ಏನೋ ಮಾತಾಡಿದರು, ಆಮೇಲೆ ಆಗಲಿ ಎಂದರು.

ಮಾರ್ಚ್ 13, ಶುಕ್ರವಾರ

ಕುರ್ಚಿ ಒಳ್ಳೆಯದಿದೆ. ಕೂತರೆ ಕೆಳಗೆ ಹಿಸ್ ಎನ್ನುತ್ತದೆ.

ಸಾವಕಾರರು ಲೋಡಿಗೆ ಒರಗಿ ನನ್ನ ಕಾಲುಗಳನ್ನೇ ನೋಡುತ್ತಿದ್ದರು. ಗಿರಾಕಿಗಳು ಬಂದರು, ಮೊದಲು ನನಗೆ ನಮಸ್ಕಾರ ಹೇಳಿ ಆಮೇಲೆ ಅವರಿಗೆ ಹೇಳಿದರು. ಈ ವಾರ ಮೆಣಸಿನಕಾಯಿ ದರ ಚೆನ್ನಾಗಿ ಏರಿದೆ. ಲಕ್ಷ್ಮಿಗೂ ಟೊಂಕ ಹಿಡಿದಿತ್ತೋ ಏನೋ.

ಕುಶಲ ಒಳ್ಳೆಯ ಹುಡುಗ. ದಿನಾ ಅಂಬರನಾಥದಿಂದ ಬರುತ್ತಾನೆ, ನನಗಿಂತ ದೂರ. ಚೀಲ ಬಿಚ್ಚಿದಾಗ ಒಂದರ ಹಿಂದೆ ಒಂದು ಸೀನುತ್ತಾನೆ. ಮೆಡಿಕ್ಲೇಮ್ ಇದೆಯೇನಪ್ಪ ಎಂದು ಕೇಳಿದೆ. "ಸೇಠ್ ಬೋಲೇ ಕಿ ಮೈ ಹೂಂ ನಾ," ಎಂದ. ಅವನಿಗೂ ಅದೇ ಪಾಲಿಸಿ ಕೊಟ್ಟಿದ್ದಾರೆ, ಹಿಂದಿಯಲ್ಲಿ.

ವಿಕಾಸನಿಗೆ ಫೋನು ಮಾಡಿ ಸೋಮವಾರ ಅಂಗಡಿಗೆ ಬರಲು ಹೇಳಿದೆ.

ಮಾರ್ಚ್ 17, ಮಂಗಳವಾರ

ನಿನ್ನೆ ವಿಕಾಸ್ ಬಂದು ಗುಂಪು ಪಾಲಿಸಿಯ ಕಾಗದಗಳನ್ನು ಗಾದಿಯ ಮೇಲೆ ಹರಡಿದ. ಕುಶಲನೂ ಸೇರಿ ಒಂಬತ್ತು ಜನಕ್ಕೆ. ಒಂಬತ್ತೂ ಜನರ ಮೇಲೆ ನನಗೆ ಹಠಾತ್ತನೆ ಪ್ರೀತಿ ಉಕ್ಕಿತೆಂದಲ್ಲ. ಏಳಕ್ಕಿಂತ ಕಡಿಮೆಯಾದರೆ ನನ್ನ ಬೆನ್ನಿಗೆ ಪಾಲಿಸಿ ಸಿಗುವುದಿಲ್ಲ. ಹುಲಗಪ್ಪನವರು ಕಾಗದಗಳನ್ನು ದೂರದಿಂದಲೇ ನೋಡಿದರು. "ಯುಗಾದಿ ಆಗಲಿ, ನೋಡೋಣು," ಎಂದರು.

ನೋಡೋಣ ಎಂದೆ ನಾನೂ.

ಇವತ್ತು ಸಂಜೆ ಹೊಸ ಡಾಕ್ಟರ ಬಳಿ ಹೋಗಿದ್ದೆ, ಕಲ್ಯಾಣದ ಟ್ರಸ್ಟಿನಲ್ಲಿ. ಆಕೆ ಬೆನ್ನು ಮುಟ್ಟಿ ನೋಡಿದರು. ಕಾರಣ ಗೊತ್ತಾಗುತ್ತಿಲ್ಲ ಎಂದು ನೇರವಾಗಿಯೇ ಹೇಳಿದರು. ಕೆಲವು ವ್ಯಾಯಾಮ ತೋರಿಸಿದರು. ಬಗ್ಗಿ ಭಾರ ಎತ್ತಬೇಡಿ, ಯಾವ ಕೆಲಸವನ್ನೂ ಅವಸರದಿಂದ ಮಾಡಬೇಡಿ ಎಂದರು. ಪದ್ಮಾವತಿಯ ಮಣಿಕಟ್ಟನ್ನೂ ತೋರಿಸಿಕೊಂಡು ಬಂದೆ.

ರವಿಕಿರಣ್ ಇವತ್ತು ಮೂರು ಸಲ ಕೇಳಿದ, "ಅಂಕಲ್, ಹುಡುಗ ಯಾವಾಗ ತಯಾರಾಗತಾನ?" ಕುಶಲನಿಗೆ ಇಷ್ಟು ದಿನದಲ್ಲಿ ಮೊದಲ ಲಿಂಗನಗೌಡರನ್ನು ಪರಿಚಯ ಮಾಡಿಸಿದ್ದೇನೆ. ಇನ್ನೂ ಮೂವರಿದ್ದಾರೆ, ಆಮೇಲೆ ಗದಗಿನ ಪಾರ್ಟಿಗಳು, ಆಮೇಲೆ ರೋಣ, ಆಮೇಲೆ ಕುಂದಗೋಳ. ಕಲಿಸುತ್ತೇನೆ, ನಿಧಾನವಾಗಿ. ಅವಸರ ಮಾಡಬಾರದೆಂದು ಡಾಕ್ಟರೇ ಹೇಳಿದ್ದಾರೆ.